ಸರ್ ಎಂ.ವಿ. ಮತ್ತು ಹೈದರಾಬಾದಿನ 221 ಕೆರೆಗಳು: ಚರಂಡಿ ದೊಡ್ಡದು ಮಾಡಿದರೆ ನೆರೆ ನಿಲ್ಲುತ್ತದೆಯೇ?

ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮೆಲ್ಲರ ಮೊಬೈಲಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಪೇಟ ಧರಿಸಿದ ಫೋಟೋ ಬರುತ್ತದೆ. ಅದರ ಜೊತೆ ರೈಲು ಹಳಿಯ ಕಥೆ, ಮೇಣದ ಬತ್ತಿಯ ಕಥೆಗಳೂ ಬರುತ್ತವೆ. ಅದೇ ಮಳೆಗಾಲದಲ್ಲಿ ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಓಡಾಡುತ್ತದೆ: ಮುಳುಗಿದ ಲೇಔಟಿನ ವಿಡಿಯೋ, ಕೆಳಗೆ ರಾಜಕಾಲುವೆ ಅಗಲ ಮಾಡಿ ಎಲ್ಲ ಸರಿಹೋಗುತ್ತೆ ಎಂಬ ಸಾಲು.

ಈ ಎರಡಕ್ಕೂ ಸಂಬಂಧವಿದೆ. ಮಳೆ ನೀರನ್ನು ಬೇಗ ಹೊರಗೆ ಸಾಗಿಸಿದರೆ ಸಾಕೇ ಅಥವಾ ಬಿದ್ದ ಜಾಗದ ಹತ್ತಿರವೇ ಹಿಡಿದು ನಿಧಾನವಾಗಿ ಬಿಡಬೇಕೇ ಎಂಬ ಪ್ರಶ್ನೆಗೆ ವಿಶ್ವೇಶ್ವರಯ್ಯನವರು 1909ರಲ್ಲೇ ಲೆಕ್ಕ ಹಾಕಿ ಉತ್ತರ ಕೊಟ್ಟಿದ್ದರು. ಈ ಲೇಖನದಲ್ಲಿ ಅವರ ಬದುಕನ್ನು ಆ ಉತ್ತರದ ಸುತ್ತ ಹೇಳುತ್ತೇವೆ. ನೀವು ಸೈಟು ಕೊಳ್ಳುವವರಾದರೂ, ಮನೆ ಕಟ್ಟಿಸುವವರಾದರೂ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಮುದ್ದೇನಹಳ್ಳಿಯ ಹುಡುಗ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮಗ ಇನ್ನೂ ಚಿಕ್ಕವನಿರುವಾಗಲೇ ಅವರು ತೀರಿಕೊಂಡರು. ಮನೆಯಲ್ಲಿ ಹಣವಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಶಾಲೆ ಮುಗಿಸಿ ಬೆಂಗಳೂರಿಗೆ ಬಂದ ಹುಡುಗ, ಮಕ್ಕಳಿಗೆ ಪಾಠ ಹೇಳಿಕೊಟ್ಟು ಬಂದ ಹಣದಲ್ಲಿ ಓದಿ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಡೆದ. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದ.

ಅವರು ಹುಟ್ಟಿದ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಲ್ಲಿನ ಊರುಗಳು ಬದುಕಿದ್ದು ಕೆರೆಗಳಿಂದ. ಮಳೆ ಬಂದಾಗ ಏರಿ ನೀರನ್ನು ತಡೆಯುತ್ತದೆ, ಬೇಕಾದಾಗ ತೂಬು ಬಿಡುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಏರಿ, ತೂಬು, ಕೋಡಿ ಈ ಮೂರನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೈದರಾಬಾದಿಗೆ ಹೋದಾಗ ಇವೇ ಬೇಕಾಗುತ್ತವೆ.

ನೀರಿನ ಎಂಜಿನಿಯರ್ ಆದದ್ದು

1884ರಲ್ಲಿ ಅವರು ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಮೊದಲ ಕೆಲಸ ನಾಸಿಕ್ ಕಡೆ. ಖಾನದೇಶದಲ್ಲಿ, ನದಿಗೆ ಅಡ್ಡವಾಗಿ ಕೊಳವೆ ಸೈಫನ್ ಹಾಕಿ ಕಾಲುವೆಯ ನೀರನ್ನು ಆಚೆ ದಡಕ್ಕೆ ದಾಟಿಸುವ ಕೆಲಸ ಅವರ ಪಾಲಿಗೆ ಬಂತು. 1890ರ ದಶಕದಲ್ಲಿ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯಿಂದ ಕುಡಿಯುವ ನೀರು ಒದಗಿಸುವ ಯೋಜನೆಯನ್ನು ಪೂರೈಸಿದರು.

ಎಲ್ಲರಿಗೂ ಗೊತ್ತಿರುವ ಅವರ ಸಾಧನೆ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟುಗಳು. ಅಲ್ಲಿನ ತೊಂದರೆ ಸರಳ. ಅಣೆಕಟ್ಟಿನ ಕೋಡಿಯ ಮಟ್ಟ ತಲುಪಿದ ಮೇಲೆ ನೀರೆಲ್ಲ ಸುಮ್ಮನೆ ಹರಿದುಹೋಗುತ್ತಿತ್ತು. ಅಣೆಕಟ್ಟನ್ನೇ ಎತ್ತರಿಸಲು ಖರ್ಚು ಹೆಚ್ಚು. ಕೋಡಿಯನ್ನು ಗೋಡೆ ಕಟ್ಟಿ ಮುಚ್ಚಿದರೆ ದೊಡ್ಡ ಮಳೆಗೆ ಅಣೆಕಟ್ಟೇ ಒಡೆಯಬಹುದು. ಅವರು ಕೋಡಿಯ ಮೇಲೆ ಗೇಟುಗಳನ್ನು ಇಟ್ಟರು. ಒಂದು ಮಟ್ಟದವರೆಗೆ ಅವು ಮುಚ್ಚಿಕೊಂಡೇ ಇದ್ದು ನೀರನ್ನು ಹಿಡಿಯುತ್ತವೆ, ಅದಕ್ಕಿಂತ ಮೇಲೇರಿದರೆ ತಾವಾಗಿಯೇ ತೆರೆದು ಪ್ರವಾಹವನ್ನು ದಾಟಿಸುತ್ತವೆ, ಮಟ್ಟ ಇಳಿದಾಗ ಮತ್ತೆ ಮುಚ್ಚುತ್ತವೆ. 1903ರಲ್ಲಿ ಬಂದ ಈ ಗೇಟುಗಳಿಂದ ಅಣೆಕಟ್ಟು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು.

ಇಲ್ಲಿ ಒಂದು ಮುಖ್ಯ ಮಾತಿದೆ. ನೀರನ್ನು ಹಿಡಿಯುವುದು, ಸುರಕ್ಷಿತವಾಗಿ ಬಿಡುವುದು ಎರಡೂ ಒಟ್ಟಿಗೇ ಆಗಬೇಕು. ಬರೀ ಹಿಡಿದರೆ ಒಡೆಯುತ್ತದೆ. ಬರೀ ಬಿಟ್ಟರೆ ಕೆಳಗಿನವರು ಮುಳುಗುತ್ತಾರೆ.

ಆ ಕಾಲದಲ್ಲಿ ಭಾರತೀಯನೊಬ್ಬ ಇಲಾಖೆಯ ಅತ್ಯುನ್ನತ ಹುದ್ದೆಗೆ ಏರುವುದು ಬಹುತೇಕ ಆಗದ ಮಾತು. 1908ರಲ್ಲಿ ಅವರು ತಾವಾಗಿಯೇ ಸೇವೆಯಿಂದ ಹೊರಬರಲು ನಿರ್ಧರಿಸಿ ವಿದೇಶ ಪ್ರವಾಸಕ್ಕೆ ಹೊರಟರು. ಅವರು ಯುರೋಪಿನಲ್ಲಿದ್ದಾಗ ಹೈದರಾಬಾದಿನ ನಿಜಾಮರ ಸರ್ಕಾರದಿಂದ ಕರೆ ಬಂತು.

1908ರ ಸೆಪ್ಟೆಂಬರ್ 28

ಹೈದರಾಬಾದಿನ ನಡುವೆ ಮೂಸಿ ನದಿ ಹರಿಯುತ್ತದೆ. ನಗರಕ್ಕಿಂತ ಸ್ವಲ್ಪ ಮೇಲೆ ಈಸಿ ಎಂಬ ಉಪನದಿ ಅದನ್ನು ಸೇರುತ್ತದೆ. ವರ್ಷದ ಹೆಚ್ಚಿನ ದಿನ ಇವು ತೆಳ್ಳಗೆ ಹರಿಯುವ ಹೊಳೆಗಳು.

1908ರ ಸೆಪ್ಟೆಂಬರ್ ಕೊನೆಯಲ್ಲಿ ಈ ಜಲಾನಯನ ಪ್ರದೇಶದ ಮೇಲೆ ಭಾರಿ ಮಳೆ ಸುರಿಯಿತು. ನಗರದ ಹೊರಗಿನ ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಇಂಚು, 48 ಗಂಟೆಯಲ್ಲಿ 18.9 ಇಂಚು ಮಳೆ ದಾಖಲಾಯಿತು. ಸುಮಾರು 480 ಮಿಲಿಮೀಟರ್ ಮಳೆ, ಅದೂ ಎರಡೇ ದಿನದಲ್ಲಿ. 28ರಂದು ಮೂಸಿ ನಗರದೊಳಗೆ ನುಗ್ಗಿತು. ಸೇತುವೆಗಳು ಹಾಳಾದವು, ಅಫ್ಜಲ್‌ಗಂಜ್ ಸುತ್ತಲಿನ ಬಡಾವಣೆಗಳು ಕೊಚ್ಚಿಹೋದವು. ಆಸ್ಪತ್ರೆಯ ಆವರಣದ ಹುಣಸೆಮರ ಹತ್ತಿ ಕೂತ ಸುಮಾರು 150 ಮಂದಿ ಬದುಕಿದರೆಂದು ಆ ಊರಿನವರು ಇಂದಿಗೂ ಆ ಮರವನ್ನು ತೋರಿಸುತ್ತಾರೆ. ಸತ್ತವರು ಸುಮಾರು 15,000 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಇದನ್ನು ದೇವರ ಮುನಿಸು ಎಂದು ಬಿಟ್ಟುಬಿಡಬಹುದಿತ್ತು. ನದಿ ದಂಡೆಗೆ ಎತ್ತರದ ಗೋಡೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದ ವಿಶ್ವೇಶ್ವರಯ್ಯನವರು ಮೊದಲು ಎಣಿಕೆ ಮಾಡಿದರು.

ಅವರು ಎಣಿಸಿದ್ದು ಏನನ್ನು?

ನಗರ ಮುಳುಗಿದರೂ ಅವರ ತನಿಖೆ ನಗರದಲ್ಲೇ ನಿಲ್ಲಲಿಲ್ಲ. ನೀರು ಬಂದ ದಾರಿ ಹಿಡಿದು ಮೇಲಕ್ಕೆ ಹೋದರು. ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿಗೆ ನೀರು ಕೊಡುವ ಜಲಾನಯನ ಸುಮಾರು 860 ಚದರ ಮೈಲಿ. ಅದರಲ್ಲಿ ಇದ್ದ ಕೆರೆಗಳು 788. ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೆ ಒಂದು ಕೆರೆ. ಆ ಮಳೆಯಲ್ಲಿ ಅವುಗಳ ಪೈಕಿ 221 ಕೆರೆಗಳು ಒಡೆದಿದ್ದವು. ಕಾಲು ಭಾಗಕ್ಕಿಂತಲೂ ಹೆಚ್ಚು.

ಕೆರೆ ಒಡೆದರೆ ಏನಾಗುತ್ತದೆ ನೋಡಿ. ನಮ್ಮ ಕಡೆಯ ಹಾಗೆಯೇ ಅಲ್ಲೂ ಕೆರೆಗಳು ಸರಪಳಿಯಲ್ಲಿ ಇರುತ್ತವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬರುತ್ತದೆ. ಕೋಡಿ ಸಾಲದೆ ಮೇಲಿನ ಏರಿ ಒಡೆದರೆ, ದಿನಗಟ್ಟಲೆ ನಿಧಾನವಾಗಿ ಇಳಿಯಬೇಕಾದ ನೀರು ಕೆಲವೇ ನಿಮಿಷಗಳಲ್ಲಿ ಕೆಳಗಿನ ಕೆರೆಗೆ ಬಂದು ಅಪ್ಪಳಿಸುತ್ತದೆ. ಅದಕ್ಕೂ ತಡೆಯಲಾಗದೆ ಅದೂ ಒಡೆಯುತ್ತದೆ. ಹೀಗೆ ಒಂದರ ನೀರಿಗೆ ಇನ್ನೊಂದರ ನೀರು ಸೇರಿ ನಗರದ ಕಡೆ ಹೊರಟಿತು. ನಗರದಲ್ಲಿ ಹರಿದ ಪ್ರವಾಹ ಗರಿಷ್ಠ ಮಟ್ಟದಲ್ಲಿ ಸೆಕೆಂಡಿಗೆ ಸುಮಾರು 4.25 ಲಕ್ಷ ಘನ ಅಡಿ ಎಂದು ಅವರು ಅಂದಾಜು ಮಾಡಿದರು. ಲೀಟರ್ ಲೆಕ್ಕದಲ್ಲಿ ಸೆಕೆಂಡಿಗೆ 1.2 ಕೋಟಿ.

ಬಿದ್ದ ಮಳೆ ಅಸಾಧಾರಣವೇ ಆಗಿತ್ತು. ಆದರೆ ಅಷ್ಟು ನೀರು ಎಷ್ಟು ಹೊತ್ತಿನಲ್ಲಿ ನಗರಕ್ಕೆ ತಲುಪಿತು ಎಂಬುದು ಹಾನಿಯನ್ನು ನಿರ್ಧರಿಸಿತು. ಒಂದೇ ಪ್ರಮಾಣದ ನೀರು ಎರಡು ದಿನದಲ್ಲಿ ಇಳಿದರೆ ಹೊಳೆ ತುಂಬುತ್ತದೆ, ಎರಡು ತಾಸಿನಲ್ಲಿ ಇಳಿದರೆ ಊರು ಹೋಗುತ್ತದೆ.

ಅವರು ಕೊಟ್ಟ ಉತ್ತರ

1909ರ ಅಕ್ಟೋಬರ್ 1ರಂದು ಅವರು ವರದಿ ಸಲ್ಲಿಸಿದರು. ಅದರ ತಿರುಳು ಇದು: ಪ್ರವಾಹವನ್ನು ನಗರಕ್ಕೆ ಬರುವ ಮುಂಚೆಯೇ ಹಿಡಿಯಬೇಕು. ಅದಕ್ಕಾಗಿ ನಗರದಿಂದ ಕೆಲವು ಮೈಲಿ ಮೇಲೆ ಮೂಸಿಗೆ ಒಂದು, ಈಸಿಗೆ ಒಂದು ಜಲಾಶಯ ಕಟ್ಟಬೇಕು. ನಗರದೊಳಗೆ ನದಿಯ ದಂಡೆಗಳನ್ನು ಎತ್ತರಿಸಿ ಸರಿಪಡಿಸಬೇಕು, ಅಂಚಿನಲ್ಲಿ ಉದ್ಯಾನಗಳಿರಬೇಕು, ನಗರಕ್ಕೆ ಸರಿಯಾದ ಒಳಚರಂಡಿ ಬೇಕು.

ಇಲ್ಲಿ ಜಲಾಶಯದ ಕೆಲಸ ಹೇಗೆ? ಮನೆಯಲ್ಲೇ ನೋಡಬಹುದು. ಒಂದು ಬಕೆಟ್ಟಿನ ತಳದಲ್ಲಿ ಸಣ್ಣ ತೂತು ಮಾಡಿ ನಲ್ಲಿಯ ಕೆಳಗಿಡಿ. ನಲ್ಲಿ ಪೂರ್ತಿ ತಿರುಗಿಸಿದರೂ ತೂತಿನಿಂದ ಹೊರಬರುವುದು ಸಣ್ಣ ಧಾರೆ ಮಾತ್ರ. ಉಳಿದದ್ದು ಬಕೆಟ್ಟಿನಲ್ಲಿ ಏರುತ್ತದೆ. ನಲ್ಲಿ ನಿಲ್ಲಿಸಿದ ಮೇಲೂ ಧಾರೆ ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ನೀರಿನ ಮೊತ್ತ ಬದಲಾಗಲಿಲ್ಲ, ಹರಿವಿನ ರಭಸ ಮಾತ್ರ ಇಳಿಯಿತು. ಆದರೆ ಬಕೆಟ್ ಮೊದಲೇ ತುಂಬಿದ್ದರೆ ಈ ಉಪಾಯ ನಡೆಯುವುದಿಲ್ಲ. ಆದ್ದರಿಂದ ಪ್ರವಾಹ ತಡೆಯುವ ಜಲಾಶಯದಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಇಟ್ಟುಕೊಳ್ಳಲೇಬೇಕು.

ಇಲ್ಲಿ ಫಾರ್ವರ್ಡುಗಳ ಒಂದು ತಪ್ಪನ್ನು ಸರಿಪಡಿಸೋಣ. ಆ ಜಲಾಶಯಗಳನ್ನು ವಿಶ್ವೇಶ್ವರಯ್ಯನವರೇ ನಿಂತು ಕಟ್ಟಿಸಿದರು ಎಂದು ಹಲವು ಸಂದೇಶಗಳಲ್ಲಿ ಬರುತ್ತದೆ. ಅವರು ಮಾಡಿದ್ದು ತನಿಖೆ ಮತ್ತು ಯೋಜನೆ. 1909ರ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟುಬಂದರು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಕಟ್ಟಿದವರು ಬೇರೆ ಎಂಜಿನಿಯರುಗಳು, ಸಾವಿರಾರು ಕೂಲಿಕಾರರು. ಇದರಿಂದ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ. ಅವರು ಹೊರಟ ಮೇಲೂ ಬೇರೆಯವರು ಅದೇ ಯೋಜನೆಯ ಆಧಾರದ ಮೇಲೆ ಕೆಲಸ ಮುಗಿಸಿದರು.

ಮೈಸೂರಿನಲ್ಲಿ ಮತ್ತು ಆಮೇಲೆ

ಮುಂದಿನ ಕಥೆ ನಿಮಗೆ ಗೊತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕ್ ಬಂದದ್ದು ಆ ಕಾಲದಲ್ಲಿ. ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟಿನ ವಿಚಾರ ಕೃಷ್ಣರಾಜಸಾಗರಕ್ಕೂ ಬಂತು.

ಹೈದರಾಬಾದಿನ ನಂಟು ಅಲ್ಲಿಗೆ ಮುಗಿಯಲಿಲ್ಲ. ನಗರದ ಒಳಚರಂಡಿ ಮತ್ತು ಸುಧಾರಣೆ ಕೆಲಸಗಳಿಗೆ 1920ರ ದಶಕದಲ್ಲಿ ಮತ್ತೆ ಅವರ ಸಲಹೆ ಕೇಳಿದರು. 1930ರ ದಶಕದ ಕೊನೆಗೆ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಒಡಿಶಾದ ಪ್ರವಾಹಗಳ ಬಗ್ಗೆ ವರದಿ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ದಾಟಿ ಬದುಕಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನಿಮ್ಮ ಸೈಟಿಗೂ ಇದೇ ಲೆಕ್ಕ

ಈಗ ನಮ್ಮ ಲೇಔಟಿಗೆ ಬರೋಣ. ನದಿಗೆ ಅನ್ವಯಿಸಿದ ಲೆಕ್ಕ ಒಂದು ಎಕರೆಗೂ ಅನ್ವಯಿಸುತ್ತದೆ.

ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಅದು ಹೊಲವೋ ಹುಲ್ಲುಗಾವಲೋ ಆಗಿದ್ದಾಗ ಬಹುಪಾಲು ನೀರು ಮಣ್ಣಿಗೆ ಇಂಗುತ್ತದೆ. ಐದರಲ್ಲಿ ಒಂದು ಭಾಗ ಹೊರಗೆ ಹರಿಯಿತು ಎಂದಿಟ್ಟುಕೊಳ್ಳಿ, 40,000 ಲೀಟರ್. ಅದೇ ಎಕರೆಗೆ ಮನೆ, ಕಾಂಕ್ರೀಟು ರಸ್ತೆ, ಟೈಲ್ಸ್ ಹಾಕಿದ ಅಂಗಳ ಬಂದ ಮೇಲೆ ಐದರಲ್ಲಿ ನಾಲ್ಕು ಭಾಗ ಹರಿಯುತ್ತದೆ ಎಂದುಕೊಳ್ಳಿ, 1.6 ಲಕ್ಷ ಲೀಟರ್. ಮಳೆ ಅಷ್ಟೇ, ಹೊರಬರುವ ನೀರು ನಾಲ್ಕು ಪಟ್ಟು. ಹೆಚ್ಚಾದ 1.2 ಲಕ್ಷ ಲೀಟರ್ ಅಂದರೆ 6,000 ಲೀಟರಿನ 20 ಟ್ಯಾಂಕರ್. ಇದು ಬರೀ ಒಂದು ಎಕರೆಯ ಕಥೆ. ಜೊತೆಗೆ, ಹುಲ್ಲಿನ ಮೇಲೆ ತಡವರಿಸುತ್ತಾ ಹೋಗುತ್ತಿದ್ದ ನೀರು ಸಿಮೆಂಟಿನ ಮೇಲೆ ಜಾರಿಕೊಂಡು ಬೇಗ ತಲುಪುತ್ತದೆ.

ಚರಂಡಿ ದೊಡ್ಡದು ಮಾಡಿದರೆ? ನಿಮ್ಮ ಬೀದಿಯ ನೀರು ಬೇಗ ಖಾಲಿಯಾಗುತ್ತದೆ, ನಿಜ. ಆದರೆ ಅದು ಮಾಯವಾಗುವುದಿಲ್ಲ. ಕೆಳಗಿನ ಬಡಾವಣೆಗೆ ಮೊದಲಿಗಿಂತ ಹೆಚ್ಚು ರಭಸದಲ್ಲಿ ಹೋಗುತ್ತದೆ. ಎಲ್ಲ ಲೇಔಟುಗಳೂ ಹೀಗೇ ಮಾಡಿದರೆ ಎಲ್ಲರ ನೀರೂ ಒಂದೇ ಹೊತ್ತಿಗೆ ತಗ್ಗಿನ ಜಾಗಕ್ಕೆ ಬಂದು ಸೇರುತ್ತದೆ. 221 ಕೆರೆ ಒಡೆದಾಗ ಆದದ್ದೂ ಅದೇ. ಚರಂಡಿ ಬೇಡವೆಂದು ನಾವು ಹೇಳುತ್ತಿಲ್ಲ. ಹೂಳು ತೆಗೆದ, ಒತ್ತುವರಿ ಇಲ್ಲದ ರಾಜಕಾಲುವೆ ಬೇಕೇ ಬೇಕು. ಅದೊಂದೇ ಸಾಲದು.

ಅಮೆರಿಕದ ಅನೇಕ ಊರುಗಳಲ್ಲಿ ಹೊಸ ಬಡಾವಣೆಗೆ ಒಂದು ನಿಯಮವಿದೆ. ಕಟ್ಟುವ ಮುಂಚೆ ಆ ಜಮೀನಿನಿಂದ ನೀರು ಯಾವ ರಭಸದಲ್ಲಿ ಹೊರಬರುತ್ತಿತ್ತೋ, ಕಟ್ಟಿದ ಮೇಲೂ ಅದನ್ನು ಮೀರಬಾರದು. ಹಾಗಾಗಿ ಬಡಾವಣೆಯ ತಗ್ಗಿನ ಮೂಲೆಯಲ್ಲಿ ಒಂದು ಹೊಂಡ ಬಿಡುತ್ತಾರೆ. ಅದು ಮಳೆಯಲ್ಲಿ ತುಂಬಿ, ಸಣ್ಣ ಕೊಳವೆಯಿಂದ ನಿಧಾನವಾಗಿ ಖಾಲಿಯಾಗುತ್ತದೆ. ತೂತಿನ ಬಕೆಟ್ಟಿನ ಉಪಾಯ ಅದೇ. ನಮ್ಮ ಹಳ್ಳಿಗಳ ಕಟ್ಟೆ, ಕುಂಟೆಗಳು ಎಷ್ಟೋ ಕಾಲದಿಂದ ಮಾಡುತ್ತಿದ್ದ ಕೆಲಸವೂ ಅದೇ.

ಹೈದರಾಬಾದಿನಲ್ಲಿ ಈಗ ಏನಾಗಿದೆ?

ಜೋಡಿ ಜಲಾಶಯಗಳು ಪ್ರವಾಹ ತಡೆದವು, ದಶಕಗಳ ಕಾಲ ಕುಡಿಯುವ ನೀರೂ ಕೊಟ್ಟವು. ಅವುಗಳ ಸುತ್ತ 10 ಕಿಲೋಮೀಟರ್ ಒಳಗೆ ದೊಡ್ಡ ಕಟ್ಟಡ, ಕಾರ್ಖಾನೆಗಳನ್ನು ನಿರ್ಬಂಧಿಸಿ 1996ರಲ್ಲಿ ಸರ್ಕಾರದ 111ನೇ ಆದೇಶ ಬಂತು. 2022ರಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಡಿಸಿತು. ಪರಿಸರದ ಕೆಲಸ ಮಾಡುವವರು ಇದನ್ನು ವಿರೋಧಿಸಿದರು. ಜಮೀನಿನ ಬೆಲೆ ಏರಬೇಕೆಂದು ಕಾಯುತ್ತಿದ್ದ ಹಳ್ಳಿಗರಿಗೆ ಅದು ಬೇಕಾಗಿತ್ತು. ಇಬ್ಬರ ಮಾತಿನಲ್ಲೂ ಅರ್ಥವಿದೆ. ಆದರೆ ಆ ಜಲಾನಯನದಲ್ಲಿ ಕಾಂಕ್ರೀಟ್ ಹೆಚ್ಚಾದಷ್ಟೂ ಮಳೆನೀರು ಬೇಗ ಇಳಿದುಬರುತ್ತದೆ ಎಂಬುದು ಬರೀ ಲೆಕ್ಕ, ಅದರಲ್ಲಿ ಎರಡು ಅಭಿಪ್ರಾಯವಿಲ್ಲ.

ಜಲಾಶಯಗಳಿಗೂ ಮಿತಿಯಿದೆ. ಅವುಗಳ ಕೆಳಗೆ, ನಗರದ ಮೇಲೆಯೇ ಬೀಳುವ ಮಳೆಯನ್ನು ಅವು ಹಿಡಿಯಲಾರವು. 2020ರ ಅಕ್ಟೋಬರ್‌ನ ಮಳೆಯಲ್ಲಿ ಗಗನ್‌ಪಹಾಡ್ ಬಳಿಯ ಅಪ್ಪ ಚೆರುವು ಒಡೆದು ಬೆಂಗಳೂರು ಹೆದ್ದಾರಿಯ ಮೇಲೆ ನೀರು ನುಗ್ಗಿತು. ಬಾಲಾಪುರದ ಗುರ್ರಂ ಚೆರುವು ಕೂಡ ಒಡೆದು ಕೆಳಗಿನ ಬಡಾವಣೆಗಳು ಮುಳುಗಿದವು. ತೆಲುಗಿನಲ್ಲಿ ಚೆರುವು ಅಂದರೆ ಕೆರೆ. 112 ವರ್ಷಗಳ ನಂತರವೂ ಏರಿ ಒಡೆದೇ ಜನ ಸತ್ತರು.

ನಾವು ನೀವು ಮಾಡಬಹುದಾದದ್ದು

ಸೈಟು ಕೊಳ್ಳುವ ಮುಂಚೆ ಬೇಸಿಗೆಯಲ್ಲಿ ಮಾತ್ರ ನೋಡಬೇಡಿ, ಜೋರು ಮಳೆಯ ದಿನ ಹೋಗಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಅಕ್ಕಪಕ್ಕದ ಹಳಬರನ್ನು ಕೇಳಿ. ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆ, ಹಳ್ಳದ ಗುರುತು ಇದೆಯೇ ನೋಡಿ. ಒಣಗಿದ ಹಳ್ಳವೂ ಒಂದು ದಿನ ತನ್ನ ದಾರಿ ಹುಡುಕಿಕೊಂಡು ಬರುತ್ತದೆ.

ಲೇಔಟು ಮಾಡುವವರನ್ನು ಒಂದೇ ಪ್ರಶ್ನೆ ಕೇಳಿ: ಜೋರು ಮಳೆ ಬಂದರೆ ಈ ಲೇಔಟಿನ ನೀರು ಮೊದಲು ಎಲ್ಲಿ ನಿಲ್ಲುತ್ತದೆ? ಚರಂಡಿಗೆ ಹೋಗುತ್ತದೆ ಎಂಬ ಉತ್ತರವೊಂದೇ ಬಂದರೆ, ಆ ಚರಂಡಿ ಯಾರ ಮನೆ ಮುಂದೆ ಮುಗಿಯುತ್ತದೆ ಎಂದೂ ಕೇಳಿ.

ಮನೆ ಕಟ್ಟುವಾಗ ಅಗೆದ ಮಣ್ಣು, ಮರಳಿನ ರಾಶಿಯನ್ನು ಚರಂಡಿಯ ಅಂಚಿಗೆ ಹಾಕಬೇಡಿ. ಒಂದೇ ಮಳೆಗೆ ಅದು ಕೊಚ್ಚಿಹೋಗಿ ಚರಂಡಿಯಲ್ಲಿ ಹೂಳಾಗಿ ಕೂರುತ್ತದೆ. ರಾಶಿಯ ಸುತ್ತ ಮಣ್ಣು ತುಂಬಿದ ಚೀಲಗಳನ್ನು ಜೋಡಿಸಿ, ಮೇಲೆ ಟಾರ್ಪಾಲು ಹೊದಿಸಿ.

30×40 ಅಡಿ ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ತಾರಸಿ ನೀರನ್ನು ಸೋಸಿ ಸಂಪಿಗೆ ಬಿಡಿ, ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡಿ. ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ದಂಡ ತಪ್ಪಿಸಲು ಹೆಸರಿಗೊಂದು ಪೈಪು ಹಾಕಿದರೆ ಪ್ರಯೋಜನವಿಲ್ಲ, ವರ್ಷಕ್ಕೊಮ್ಮೆ ಗುಂಡಿಯ ಹೂಳು ತೆಗೆಯಬೇಕು. ಅಂಗಳಕ್ಕೆಲ್ಲ ಸಿಮೆಂಟು ಬಳಿಯದೆ ಒಂದಿಷ್ಟು ಮಣ್ಣನ್ನು ಮಣ್ಣಾಗಿಯೇ ಬಿಡಿ.

ಒಂದು ಮನೆಯ 5,500 ಲೀಟರಿನಿಂದ ಊರಿನ ನೆರೆ ನಿಲ್ಲುವುದಿಲ್ಲ ಎನ್ನುವವರಿದ್ದಾರೆ. ಒಂದು ಮನೆಯಿಂದ ನಿಲ್ಲುವುದಿಲ್ಲ, ಒಪ್ಪಿದೆವು. ಆದರೆ 1908ರಲ್ಲಿ ಹೈದರಾಬಾದನ್ನು ಮುಳುಗಿಸಿದ ನೀರೂ ಒಂದೇ ಕಡೆಯಿಂದ ಬಂದದ್ದಲ್ಲ. 860 ಚದರ ಮೈಲಿಯ ಸಣ್ಣ ಸಣ್ಣ ಹಳ್ಳಗಳಿಂದ, ಒಡೆದ ಕೆರೆಗಳಿಂದ ಬಂದು ಸೇರಿದ್ದು. ಹಾಗೆ ಸೇರುವ ನೀರನ್ನು ಅದು ಬೀಳುವ ಕಡೆಯೇ ಸ್ವಲ್ಪ ಸ್ವಲ್ಪ ಹಿಡಿದರೆ ಕೆಳಗಿನವರ ಪಾಲಿಗೆ ಅಷ್ಟು ಕಡಿಮೆಯಾಗುತ್ತದೆ.

ಈ ಸೆಪ್ಟೆಂಬರ್ 15ಕ್ಕೆ ಸರ್ ಎಂ.ವಿ. ಅವರ ಫೋಟೋ ಹಂಚುವಾಗ ಜೊತೆಗೆ ಈ ಎರಡು ಅಂಕಿಗಳನ್ನೂ ಹಾಕಿ: 788 ಮತ್ತು 221. ಏನಿದು ಎಂದು ಯಾರಾದರೂ ಕೇಳಿದರೆ ಈ ಲೇಖನ ಕಳಿಸಿ. ಸೈಟು ನೋಡಲು ಹೊರಟಿರುವವರಿಗೆ ಮೊದಲು ಕಳಿಸಿ.